ಇಲಿ, ಚಿಟ್ಟೆ ಮತ್ತು 13 ರೂಪಾಯಿ ಬಾಕಿ

ಮೊದಲನೇ ದಿನ, ಮುಂಬೈ

ಬೆಳಗಿನ ಜಾವ ಐದು ಗಂಟೆ. ಕೊಲಾಬಾದ ಸಸೂನ್ ಡಾಕ್ ಗೇಟಿನ ಹತ್ತಿರ ಟ್ಯಾಕ್ಸಿ ಇಳಿದ ಕೂಡಲೇ ಅಕ್ಕನ ಮಗ ಟೀ ಶರ್ಟನ್ನು ಮೂಗಿನ ಮೇಲಕ್ಕೆ ಎಳೆದುಕೊಂಡ. "ಮಾವ, ಏನಿದು ನಾತ! ಇದನ್ನು ನೋಡೋಕಾ ಇಷ್ಟು ದೂರ ಕರ್ಕೊಂಡು ಬಂದಿದ್ದು?"

ಹೌದು, ಇದನ್ನೇ. ಅವನಿಗೀಗ 21. ಇನ್ನೆರಡು ತಿಂಗಳಲ್ಲಿ ಓದೋಕೆ ಜರ್ಮನಿಗೆ ಹೊರಟಿದ್ದಾನೆ. ಹೋಗೋ ಮುಂಚೆ ನಾಲ್ಕು ದಿನ ಮಾವನ ಜೊತೆ ಸುತ್ತಾಡಿ ಬರಲಿ ಅಂತ ಅಕ್ಕ ಕಳಿಸಿದ್ದಳು. ಎಲ್ಲಿಗೆ ಅನ್ನೋದನ್ನು ನನಗೇ ಬಿಟ್ಟಿದ್ದಳು. ನನಗೋ ಬಹಳ ದಿನದಿಂದ ಒಂದು ಹುಚ್ಚು. ಇದೇ 21ನೇ ವಯಸ್ಸಿನಲ್ಲಿ ಇದೇ ದಕ್ಕೆಯಲ್ಲಿ ಇಳಿದು, ಪುಣೆ ಮೇಲಾಸಿ ಬೆಂಗಳೂರಿಗೆ ಬಂದ ಇನ್ನೊಬ್ಬ ಹುಡುಗನ ದಾರಿ ಹಿಡಿದು ಬರಬೇಕು ಅಂತ. ಆ ಹುಡುಗನ ಹೆಸರು ವಿನ್‌ಸ್ಟನ್ ಚರ್ಚಿಲ್. ಮುಂದೆ ಏನೇನೋ ಆದ, ಅದು ಬೇರೆ ಮಾತು. 21ರ ಹುಡುಗನಿಗೆ ಬಹುವಚನ ಹಚ್ಚೋಕೆ ನನಗೆ ನಾಲಿಗೆ ಹೊರಳಲ್ಲ, ಅದಕ್ಕೇ ಏಕವಚನ.

1896ರ ಸೆಪ್ಟೆಂಬರ್‌ನಲ್ಲಿ ನಾಲ್ಕನೇ ಹುಸಾರ್ಸ್ ಅನ್ನೋ ಕುದುರೆ ಪಡೆಯ ಜೊತೆ ಅವನು ಸೌತಾಂಪ್ಟನ್‌ನಲ್ಲಿ ಹಡಗು ಹತ್ತಿದ. 23 ದಿನದ ಪ್ರಯಾಣ. ಅಕ್ಟೋಬರ್ ಮೊದಲ ವಾರ ಬೊಂಬಾಯಿ ಕಾಣಿಸಿತು. ಅಷ್ಟು ದಿನ ಕೂತು ಕೂತು ಸಾಕಾಗಿತ್ತಲ್ಲ, ಉಳಿದವರಿಗಿಂತ ಮುಂಚೆ ದಡ ಮುಟ್ಟಬೇಕು ಅನ್ನೋ ಆತುರ. ಒಂದಿಬ್ಬರು ಗೆಳೆಯರ ಜೊತೆ ಸಣ್ಣ ದೋಣಿ ಮಾಡಿಕೊಂಡು ಈ ಡಾಕ್‌ಗೆ ಬಂದ. ಎದುರಿಗೆ ಎತ್ತರದ ಕಲ್ಲಿನ ಗೋಡೆ, ನೀರು ಜಿನುಗುವ ಮೆಟ್ಟಿಲು, ಹಿಡಿದುಕೊಳ್ಳೋಕೆ ಕಬ್ಬಿಣದ ಬಳೆಗಳು. ಅಲೆಗೆ ದೋಣಿ ನಾಲ್ಕೈದು ಅಡಿ ಏರುತ್ತಿತ್ತು, ಇಳಿಯುತ್ತಿತ್ತು. ಇವನು ಬಳೆಯನ್ನೇನೋ ಹಿಡಿದ. ಕಾಲು ಮೆಟ್ಟಿಲಿಗೆ ತಾಗೋ ಮುಂಚೆ ದೋಣಿ ಹಿಂದಕ್ಕೆ ಜಾರಿತು. ಬಲಗೈ ಬಳೆಯಲ್ಲಿ, ಮೈಯೆಲ್ಲ ಗಾಳಿಯಲ್ಲಿ. ಭುಜ ಉಳುಕಿತು.

ಆ ಉಳುಕು ಸಾಯೋವರೆಗೂ ಅವನನ್ನು ಬಿಡಲಿಲ್ಲ. ಪೋಲೋ ಆಡುವಾಗ ತೋಳಿಗೆ ಪಟ್ಟಿ ಬಿಗಿದುಕೊಳ್ಳುತ್ತಿದ್ದ. ಎರಡು ವರ್ಷದ ನಂತರ ಸೂಡಾನಿನ ಓಮ್ಡುರ್ಮನ್ ಯುದ್ಧದಲ್ಲಿ, ಕತ್ತಿ ಬೀಸೋಕೆ ಭುಜ ಒಪ್ಪದೆ ಪಿಸ್ತೂಲು ಹಿಡಿದ. ನಮ್ಮ ದೇಶ ಅವನಿಗೆ ಕೊಟ್ಟ ಮೊದಲ ಉಡುಗೊರೆ ಇದು.

ಒಳಗೆ ಹೋದೆವು. ಮೊಬೈಲ್ ಹೊರಗೆ ತೆಗೀಬೇಡಿ ಅಂತ ಕಾವಲಿನವನು ಸನ್ನೆ ಮಾಡಿದ. ಬಣ್ಣಬಣ್ಣದ ಬಾವುಟದ ದೋಣಿಗಳು ಒಂದಕ್ಕೊಂದು ಒರಗಿ ನಿಂತಿದ್ದವು. ದೋಣಿಯಿಂದ ದಡಕ್ಕೆ ಮೀನಿನ ಬುಟ್ಟಿ ಎಸೆಯುತ್ತಿದ್ದರು, ಹಿಡಿಯುವವರು ಒಂದೂ ತಪ್ಪಿಸುತ್ತಿರಲಿಲ್ಲ. ನೆಲದ ಮೇಲೆ ಬೊಂಬಿಲ್, ಸಿಗಡಿ, ಸುರ್ಮೈ ರಾಶಿ. ಸೀರೆಯ ಕಚ್ಚೆ ಬಿಗಿದ ಕೋಳಿ ಹೆಂಗಸರು ಬೆರಳಿನಲ್ಲೇ ಹರಾಜು ಕೂಗುತ್ತಿದ್ದರು. ಇಲ್ಲಿ ಕೋಳಿ ಅಂದರೆ ಮೀನುಗಾರರ ಜಾತಿ. ಅದನ್ನು ಹೇಳಿದ್ದಕ್ಕೆ ನಮ್ಮ ಹುಡುಗ ಮೂಗು ಮುಚ್ಚಿಕೊಂಡೇ ನಕ್ಕ. ಗೋಡೆಯಲ್ಲಿ ತುಕ್ಕು ಹಿಡಿದ ಒಂದು ಬಳೆ ಕಂಡಿತು. ಅದೇ ಬಳೆ ಅಂತ ಹೇಳೋಕೆ ನಾನೇನು ಗೈಡಲ್ಲ. ಮುಟ್ಟಿ ನೋಡಿದೆ. ಕೈಗೆ ತುಕ್ಕು, ಮೀನಿನ ಸಿಂಬಳ ಎರಡೂ ಮೆತ್ತಿತು.

ಈ ಡಾಕ್ ಕಟ್ಟಿದ್ದು 1875ರಲ್ಲಿ, ಸಸೂನ್ ಅನ್ನೋ ಯಹೂದಿ ವ್ಯಾಪಾರಿ ಮನೆತನ. ಆಗ ಇಲ್ಲಿ ಮೀನಿಗಿಂತ ಹತ್ತಿಯ ಮಾತು ಜಾಸ್ತಿ. ಚರ್ಚಿಲ್ ಇಳಿಯೋಕೆ ಸ್ವಲ್ಪ ದಿನ ಮುಂಚೆ, ಸೆಪ್ಟೆಂಬರ್‌ನಲ್ಲಿ, ಇಲ್ಲಿಂದ ಕೆಲವೇ ಮೈಲಿ ದೂರದ ಮಾಂಡ್ವಿಯಲ್ಲಿ ಅಕಾಸಿಯೋ ವೀಗಸ್ ಅನ್ನೋ ಗೋವಾ ಮೂಲದ ಡಾಕ್ಟರು ಒಬ್ಬ ರೋಗಿಯ ಗಡ್ಡೆ ನೋಡಿ, ಇದು ಪ್ಲೇಗು ಅಂದಿದ್ದರು. ಗೋದಾಮುಗಳಲ್ಲಿ ಇಲಿಗಳು ಸಾಯುತ್ತಿದ್ದವು. ಜನ ಗಂಟುಮೂಟೆ ಕಟ್ಟಿ ಊರು ಬಿಡೋಕೆ ಶುರು ಮಾಡಿದ್ದರು. ಅಂಥ ಊರಿಗೆ ಬಂದಿಳಿದ ಹುಡುಗನಿಗೆ ನೆನಪಿನಲ್ಲಿ ಉಳಿದಿದ್ದು ಭುಜ.

ಇಲಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತೆ.

ಎರಡನೇ ದಿನ, ಪುಣೆ

ಬೆಳಗಿನ ರೈಲು. ಭೋರ್ ಘಾಟಿನಲ್ಲಿ ಸುರಂಗದ ಮೇಲೆ ಸುರಂಗ, ಮಳೆಗಾಲ ಮುಗಿದಿದ್ದರೂ ಬಂಡೆಗಳ ಮೇಲೆ ನೀರಿನ ಬಿಳಿ ಗೆರೆ. ಲೋಣಾವಳದಲ್ಲಿ ಚಿಕ್ಕಿ ಕೊಂಡೆವು. ಪುಣೆ ತಲುಪೋ ಹೊತ್ತಿಗೆ ಪೊಟ್ಟಣ ಖಾಲಿ.

ಪುಣೆಯಲ್ಲಿ ಚರ್ಚಿಲ್‌ನ ಪಡೆ ಡೇರೆ ಹಾಕಿ ಒಂದೆರಡು ದಿನ ತಂಗಿತ್ತು. ಮರುದಿನವೇ ಅವನು ಆಳುಗಳನ್ನು ಇಟ್ಟುಕೊಂಡ. ಕೆಲಸ ಕೇಳಿಕೊಂಡು ಬಂದವರೆಲ್ಲ ಹಿಂದಿನ ದೊರೆಗಳು ಬರೆದುಕೊಟ್ಟ ಶಿಫಾರಸು ಚೀಟಿಗಳನ್ನು ಹಿಡಿದು ಸಾಲಾಗಿ ನಿಂತಿದ್ದರಂತೆ. ಒಬ್ಬ ಬಟ್ಲರ್, ಒಬ್ಬ ಬಟ್ಟೆ ತೊಡಿಸುವ ಹುಡುಗ, ಕುದುರೆ ನೋಡಿಕೊಳ್ಳೋಕೆ ಒಬ್ಬ ಸಾಯಿಸ. ಬಟ್ಟೆಯನ್ನು ಹುಡುಗನಿಗೆ, ಕುದುರೆಯನ್ನು ಸಾಯಿಸನಿಗೆ, ದುಡ್ಡನ್ನು ಬಟ್ಲರ್‌ಗೆ ಒಪ್ಪಿಸಿದರೆ ಮುಗೀತು, ಆಮೇಲೆ ಯಾವ ಯೋಚನೆಯೂ ಇಲ್ಲ ಅಂತ ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡ. ದುಡ್ಡು ಬಟ್ಲರ್‌ಗೆ ಅನ್ನೋದನ್ನು ಗಮನಿಸಿ. ಮುಂದೆ ಬೆಂಗಳೂರಿನಲ್ಲಿ ಬರೋ 13 ರೂಪಾಯಿ ಬಾಕಿಯ ಕಥೆಯ ಬೇರು ಇಲ್ಲೇ ಇರಬೇಕು ಅಂತ ನನ್ನ ಗುಮಾನಿ.

ನಾವು ನೋಡೋಕೆ ಹೋಗಿದ್ದು ಗಣೇಶಖಿಂಡ್‌ನ ಗವರ್ನರ್ ಬಂಗಲೆ. ಈಗ ಅದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. ಮೇಲೆ ಎತ್ತರದ ಗೋಪುರ, ಕೆಳಗೆ ಉದ್ದನೆಯ ಕಮಾನಿನ ಜಗುಲಿ, ಸುತ್ತ ದೊಡ್ಡ ದೊಡ್ಡ ಮರ. ಜಗುಲಿಯ ಮೆಟ್ಟಿಲ ಮೇಲೆ ಇಬ್ಬರು ಹುಡುಗಿಯರು ಒಂದೇ ಡಬ್ಬಿಯಿಂದ ಪೋಹೆ ತಿನ್ನುತ್ತಾ ನೋಟ್ಸ್ ಓದುತ್ತಿದ್ದರು.

ಇಲ್ಲಿ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಅನ್ನೋ ಗವರ್ನರ್ ಹೊಸಬರನ್ನು ಊಟಕ್ಕೆ ಕರೆದಿದ್ದ. ರಾಣಿಯ ಆರೋಗ್ಯಕ್ಕೆ ಕುಡಿದಾದ ಮೇಲೆ ಮರ್ಯಾದೆಗೆ ಅಂತ ಹುಡುಗನನ್ನು ಒಂದೆರಡು ವಿಷಯಕ್ಕೆ ಅಭಿಪ್ರಾಯ ಕೇಳಿದ. ಹುಡುಗ ನಿಲ್ಲಿಸಲೇ ಇಲ್ಲ. ಇಂಡಿಯಾದಲ್ಲಿ ಬ್ರಿಟಿಷರ ಕೆಲಸ ಎಷ್ಟು ದೊಡ್ಡದು ಅಂತ ಗವರ್ನರ್‌ಗೇ ವಿವರಿಸಿದ. ನಡುವೆ ಗವರ್ನರ್ ತಾನೂ ಏನೋ ಹೇಳೋಕೆ ಬಾಯಿ ತೆರೆದನಂತೆ. ಪಾಪ ಅವರಿಗೆ ಯಾಕೆ ತೊಂದರೆ ಅಂತ ಇವನೇ ಮುಂದುವರಿಸಿದನಂತೆ. ಬಂದು 48 ಗಂಟೆ ಆಗಿತ್ತು, ಅಷ್ಟರಲ್ಲೇ ದೇಶ ಅರ್ಥವಾಗಿತ್ತು. ಇದನ್ನೆಲ್ಲ ಅವನೇ ತನ್ನನ್ನು ತಾನು ಆಡಿಕೊಂಡು ಬರೆದಿದ್ದು. ಈ ಗುಣಕ್ಕೆ ಅವನ ಮೇಲೆ ಸಿಟ್ಟು ಪೂರ್ತಿ ಏರೋದಿಲ್ಲ. ತಾನು ಪೆದ್ದನಾಗಿದ್ದೆ ಅಂತ ಅವನಿಗೆ ಗೊತ್ತು. ಎಲ್ಲಿ ಪೆದ್ದನಾಗಿದ್ದೆ ಅನ್ನೋದು ಮಾತ್ರ ಪೂರ್ತಿ ಗೊತ್ತಿಲ್ಲ.

ಆ ಊಟವಾಗಿ ಒಂಬತ್ತು ತಿಂಗಳೂ ಕಳೆದಿರಲಿಲ್ಲ. 1897ರ ಜೂನ್ 22, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷದ ಹಬ್ಬ. ಇದೇ ಬಂಗಲೆಯಿಂದ ರಾತ್ರಿ ಹೊರಟ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಗಾಡಿಗೆ ಚಾಪೇಕರ್ ಸಹೋದರರು ರಸ್ತೆಯಲ್ಲಿ ಗುಂಡು ಹಾರಿಸಿದರು. ಪ್ಲೇಗು ಹುಡುಕುವ ನೆಪದಲ್ಲಿ ಸೋಲ್ಜರುಗಳು ಮನೆಗಳಿಗೆ ನುಗ್ಗಿ, ದೇವರ ಕೋಣೆಯನ್ನೂ ಬಿಡದೆ ತಡಕಾಡಿ, ಹೆಂಗಸರನ್ನು ಬೀದಿಗೆ ನಿಲ್ಲಿಸಿದ್ದಕ್ಕೆ ಪುಣೆ ಒಳಗೊಳಗೇ ಕುದಿಯುತ್ತಿತ್ತು. ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಆಯರ್ಸ್ಟ್ ಸ್ಥಳದಲ್ಲೇ ಸತ್ತ. ರ‍್ಯಾಂಡ್ ಕೆಲವು ದಿನದ ಮೇಲೆ ಸತ್ತ. ಚಾಪೇಕರ್ ಸಹೋದರರನ್ನು ಗಲ್ಲಿಗೇರಿಸಿದರು.

ನಾವು ಅದೇ ಗಣೇಶಖಿಂಡ್ ರಸ್ತೆಯಲ್ಲಿ ಆಟೋದಲ್ಲಿ ವಾಪಸ್ ಬಂದೆವು. ಟ್ರಾಫಿಕ್ ನಿಂತೇ ಇತ್ತು. ಹುಡುಗ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಆ ಗವರ್ನರ್ ಊಟದಲ್ಲಿ ಯಾರಾದ್ರೂ ಪ್ಲೇಗಿನ ವಿಷಯ ಎತ್ತಿರಬಹುದಾ ಮಾವ?"

"ಎತ್ತಿದ್ರೂ ಇವನು ಮಾತಾಡೋಕೆ ಬಿಡಬೇಕಲ್ಲ" ಅಂದೆ.

ಮೂರನೇ ದಿನ, ರೈಲಿನಲ್ಲಿ

ಪುಣೆಯಿಂದ ಬೆಂಗಳೂರಿಗೆ ಅವನಿಗೆ 36 ಗಂಟೆ ಹಿಡಿದಿತ್ತು. ನಮಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 20 ಗಂಟೆ. ಮಧ್ಯಾಹ್ನದ ಬಿಸಿಲು, ಸೊಲ್ಲಾಪುರದ ಹತ್ತಿರ ಬಯಲೋ ಬಯಲು. ಕಲಬುರಗಿ ಬರೋ ಹೊತ್ತಿಗೆ ಕತ್ತಲಾಗುತ್ತಾ ಬಂದಿತ್ತು. ಎದುರು ಸೀಟಿಗೆ ಬಂದ ಅಮ್ಮ ಬುತ್ತಿ ಬಿಚ್ಚಿದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು. "ತಗೋರಿ, ಹಂಗ್ಯಾಕ ಕುಂತೀರಿ" ಅಂತ ನಮ್ಮ ಕೈಗೂ ಒಂದೊಂದು ರೊಟ್ಟಿ ಇಟ್ಟರು. ಹುಡುಗ ರೊಟ್ಟಿ ಮುರಿದ ಸದ್ದು ಇಡೀ ಬೋಗಿಗೆ ಕೇಳಿಸಿತು.

1896ರಲ್ಲಿ ಈ ನೆಲಕ್ಕೆ ಮಳೆ ಕೈಕೊಟ್ಟಿತ್ತು. ಸೊಲ್ಲಾಪುರ, ವಿಜಯಪುರ ಕಡೆಯೆಲ್ಲ ಬರ. ಮುಂದಿನ ವರ್ಷದ ಹೊತ್ತಿಗೆ ಜನ ಕಲ್ಲು ಒಡೆಯುವ ಕಾಮಗಾರಿಗಳ ಮುಂದೆ ಸಾಲು ನಿಂತಿದ್ದರು. 1943ರಲ್ಲಿ ಬಂಗಾಳದ ಬರ ಬಂದಾಗ ಇದೇ ಹುಡುಗ ಬ್ರಿಟನ್ನಿನ ಪ್ರಧಾನಿ. ಆಗ ಅವನು ಏನು ಮಾಡಿದ, ಏನು ಮಾಡಲಿಲ್ಲ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ರೈಲಿನ ಕಿಟಕಿಯಿಂದ ಮೊದಲ ಸಲ ಕಂಡ ಬಯಲಿಗೂ ಅದಕ್ಕೂ ಗಂಟು ಹಾಕೋಕೆ ನಾನು ಹೋಗಲ್ಲ. ರೊಟ್ಟಿ ತಿನ್ನುವಾಗ ನೆನಪಾಯಿತು, ಅಷ್ಟೇ.

ರಾಯಚೂರು ದಾಟಿದ್ದು ಗೊತ್ತು. ಗುಂತಕಲ್ಲು ಗೊತ್ತಾಗಲಿಲ್ಲ.

ನಾಲ್ಕನೇ ದಿನ, ದಂಡು

ನಮ್ಮ ಅಜ್ಜಿ ಕಂಟೋನ್ಮೆಂಟ್ ಅಂತ ಯಾವತ್ತೂ ಹೇಳಿದವಳಲ್ಲ. ಅವಳ ಬಾಯಲ್ಲಿ ಅದು 'ದಂಡು'. ಈಚೆ 'ಪೇಟೆ'. ಎರಡೂ ಬೇರೆ ಬೇರೆ ಊರು ಅನ್ನೋ ಥರ ಮಾತಾಡುತ್ತಿದ್ದಳು. ಬೇರೆ ಊರೇ ಆಗಿತ್ತು. 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದರು. 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟಾಗಲೂ ಇದನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ನಡುವೆ ಕಬ್ಬನ್ ಪಾರ್ಕು. ಆಚೆ ಇಂಗ್ಲಿಷು, ತಮಿಳು, ಉರ್ದು. ಈಚೆ ಕನ್ನಡ.

ಚರ್ಚಿಲ್ ಬಂದಿದ್ದು ಆಚೆಗೆ. ರೆಜಿನಾಲ್ಡ್ ಬಾರ್ನ್ಸ್, ಹ್ಯೂಗೊ ಬೇರಿಂಗ್ ಅನ್ನೋ ಇಬ್ಬರು ಗೆಳೆಯರ ಜೊತೆ ಸೇರಿ ಬಂಗಲೆ ಹಿಡಿದ. ಗುಲಾಬಿ ಬಿಳಿ ಬಣ್ಣದ ಗೋಡೆ, ಹೆಂಚಿನ ಮಾಡು, ಆಳವಾದ ವರಾಂಡಾ, ಕಂಬಗಳಿಗೆ ಹಬ್ಬಿದ ನೇರಳೆ ಬೋಗನ್‌ವಿಲ್ಲಾ. ಎರಡು ಎಕರೆ ಕಾಂಪೌಂಡು. ಹಿಂದೆ ಇದ್ದವನು ಬೆಳೆಸಿದ್ದ ಸುಮಾರು 150 ಗುಲಾಬಿ ಗಿಡ. ಕುದುರೆಗಳಿಗೆ ಮಣ್ಣಿನ ಗೋಡೆಯ ದೊಡ್ಡ ಲಾಯ ಬೇರೆ. ಈಗ ರಿಚ್ಮಂಡ್ ಟೌನ್, ಕುಕ್ ಟೌನ್ ಕಡೆ ಹುಡುಕಿದರೆ ಮಂಕಿ ಟಾಪ್ (ಕಿಟಕಿ ಮೇಲಿನ ಮರದ ಚೂಪು ಮಾಡು) ಇರೋ ಅಂಥ ಮನೆ ಒಂದೋ ಎರಡೋ ಸಿಗುತ್ತೆ, ಪಕ್ಕದಲ್ಲಿ ಅಪಾರ್ಟ್‌ಮೆಂಟಿನ ನೆರಳು ಬಿದ್ದು.

ಅವನ ದಿನಚರಿ ಕೇಳಿ. ಇನ್ನೂ ಕತ್ತಲು. ನಿದ್ದೆಯಲ್ಲೇ ಯಾರದೋ ತಣ್ಣನೆಯ ಒದ್ದೆ ಕೈ ಗದ್ದ ಎತ್ತುತ್ತೆ. ಗಂಟಲಿನ ತುಂಬ ಸೋಪಿನ ನೊರೆ. ಅದರ ಮೇಲೆ ಫಳಫಳ ಹೊಳೆಯೋ ಕತ್ತಿ. ಹೆದರಬೇಡಿ, ಕ್ಷೌರದವನು. ಆರಕ್ಕೆ ಪರೇಡು, ಒಂದೂವರೆ ಗಂಟೆ. ಸ್ನಾನ, ತಿಂಡಿ. ಒಂಬತ್ತರಿಂದ ಹತ್ತೂವರೆ ಲಾಯ, ಆಫೀಸು. ಬಿಸಿಲೇರೋ ಮುಂಚೆ ಮನೆ. ಒಂದೂವರೆಗೆ ಮೆಸ್ಸಿನಲ್ಲಿ ಊಟ, ಆಮೇಲೆ ಐದರವರೆಗೆ ನಿದ್ದೆ. ಐದಕ್ಕೆ ಪೋಲೋ. ದಿನವೆಲ್ಲ ಬದುಕಿದ್ದೇ ಸಂಜೆಯ ಆ ಹೊತ್ತಿಗಾಗಿ. ರಾತ್ರಿ ಎಂಟೂವರೆಗೆ ಬ್ಯಾಂಡಿನ ಸದ್ದಿನಲ್ಲಿ, ಗ್ಲಾಸಿನಲ್ಲಿ ಐಸ್ ಕಿಣಿಕಿಣಿ ಅನ್ನುವಾಗ ಡಿನ್ನರ್. ಒಟ್ಟು ಕೆಲಸ ಮೂರು ಗಂಟೆ.

"ಇದು ವರ್ಕ್ ಫ್ರಮ್ ಹೋಮ್‌ಗಿಂತ ಚೆನ್ನಾಗಿದೆ" ಅಂದ ನಮ್ಮವನು.

ದುಡ್ಡು ಸಾಲುತ್ತಿರಲಿಲ್ಲ. ದಿನಕ್ಕೆ 14 ಶಿಲಿಂಗ್ ಸಂಬಳ, ಅಮ್ಮ ಕಳಿಸೋ ವರ್ಷಕ್ಕೆ 500 ಪೌಂಡು, ಎರಡೂ ಪೋಲೋ ಕುದುರೆಗಳ ಹೊಟ್ಟೆಗೆ. ಬಡ್ಡಿ ಸಾಹುಕಾರ ಮನೆ ಬಾಗಿಲಿಗೇ ಬರುತ್ತಿದ್ದ. ಕಾಗದಕ್ಕೆ ರುಜು ಹಾಕಿದರೆ ಸಾಕು, ಕುದುರೆ ಬಂದು ನಿಲ್ಲುತ್ತಿತ್ತು. ಸಾಹುಕಾರ ನಗುನಗುತ್ತಾ ನಮಸ್ಕರಿಸಿ, ಚಪ್ಪಲಿ ಮೆಟ್ಟಿಕೊಂಡು, ಇನ್ನು ಮೂರು ತಿಂಗಳಿಗೆ ಬರ್ತೀನಿ ಅಂತ ಹೊರಡುತ್ತಿದ್ದ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಇವತ್ತಿಗೂ ನಮ್ಮಲ್ಲಿ ಕೈಸಾಲದ ರೇಟು ಹೆಚ್ಚುಕಡಿಮೆ ಅದೇ, ಅಲ್ವಾ?

ಆದರೆ ಒಂದು ವಿಷಯಕ್ಕೆ ಬೆನ್ನು ತಟ್ಟಬೇಕು. ಯೂನಿವರ್ಸಿಟಿ ಮೆಟ್ಟಿಲು ಹತ್ತದ ಹುಡುಗ ತನಗೆ ಏನೂ ಗೊತ್ತಿಲ್ಲ ಅಂತ ಇಲ್ಲಿ ಕಂಡುಕೊಂಡ. ಅಮ್ಮನಿಗೆ ಬರೆದು ಪೆಟ್ಟಿಗೆಗಟ್ಟಲೆ ಪುಸ್ತಕ ತರಿಸಿದ. ಎಲ್ಲರೂ ಮಲಗಿದ ಮಧ್ಯಾಹ್ನದಲ್ಲಿ ದಿನಕ್ಕೆ ನಾಲ್ಕೈದು ಗಂಟೆ ರೋಮ್ ಚರಿತ್ರೆ ಬರೆದ ಗಿಬ್ಬನ್, ಮೆಕಾಲೆ, ಪ್ಲೇಟೊ, ಡಾರ್ವಿನ್ ಓದಿದ. ವಾಯವ್ಯ ಗಡಿಯ, ಈಗ ಪಾಕಿಸ್ತಾನದಲ್ಲಿರೋ ಮಲಕಂಡ್‌ಗೆ ಯುದ್ಧ ನೋಡೋಕೆ ಹೋಗಿಬಂದು, ತನ್ನ ಮೊದಲ ಪುಸ್ತಕವನ್ನು ಬರೆದಿದ್ದೂ ಬೆಂಗಳೂರಿನಲ್ಲೇ. ರೋಮ್ ಯಾಕೆ ಬಿತ್ತು ಅಂತ ದಂಡಿನ ವರಾಂಡಾದಲ್ಲಿ ಕೂತು ಕಲಿತ. ಹಿಂದೂಸ್ತಾನಿ ಕಲಿಯೋದು ಮಾತ್ರ ದಂಡ ಅಂದುಕೊಂಡ, ಆಳುಗಳಿಗೆಲ್ಲ ಇಂಗ್ಲಿಷ್ ಬರುತ್ತಲ್ಲ ಅಂತ. ಕನ್ನಡದ ಮಾತಂತೂ ಬಿಡಿ.

ಚಿಟ್ಟೆ ಹಿಡಿಯೋ ಹುಚ್ಚೂ ಇತ್ತು. ತೋಟಕ್ಕೆ ಬರೋ ಚಿಟ್ಟೆಗಳನ್ನು ಬಲೆಯಲ್ಲಿ ಹಿಡಿದು, ಗುಂಡುಸೂಜಿ ಚುಚ್ಚಿ ಬೀರುವಿನಲ್ಲಿ ಜೋಡಿಸುತ್ತಿದ್ದ. 65ಕ್ಕೂ ಜಾಸ್ತಿ ಬಗೆ ಸೇರಿತ್ತು. ಒಂದು ದಿನ ನೋಡುತ್ತಾನೆ, ಇಲಿ ಬೀರುವಿಗೆ ನುಗ್ಗಿ ಎಲ್ಲವನ್ನೂ ತಿಂದುಬಿಟ್ಟಿದೆ. ತಮ್ಮ ಜ್ಯಾಕ್‌ಗೆ ಕಾಗದ ಬರೆದು ಗೋಳಾಡಿದ. ಇಲಿಯನ್ನು ಹಿಡಿದು ನಾಯಿಯಿಂದ ಕೊಲ್ಲಿಸಿದ ಸುದ್ದಿಯನ್ನೂ ಬರೆದ. ನಾಯಿಯ ಹೆಸರು ವಿನ್‌ಸ್ಟನ್.

ಸಂಜೆ, ಪರಿಚಯದ ಹಿರಿಯರೊಬ್ಬರ ದಯೆಯಿಂದ ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿಗೆ ಹೋದೆವು. 1868ರಲ್ಲಿ ಶುರುವಾದಾಗ ಇದು ಯುನೈಟೆಡ್ ಸರ್ವಿಸ್ ಕ್ಲಬ್. ಅಲ್ಲಿ ಆ ಹಳೆಯ ಲೆಡ್ಜರ್ ಇಟ್ಟಿದ್ದಾರೆ. 1899ರ ಜೂನ್, ವಸೂಲಾಗದ ಬಾಕಿಗಳ ಪಟ್ಟಿ. ಕಂದು ಬಣ್ಣಕ್ಕೆ ತಿರುಗಿದ ಮಸಿಯಲ್ಲಿ, ಬೇರೆ ಹೆಸರುಗಳ ನಡುವೆ, ಲೆಫ್ಟಿನೆಂಟ್ ಚರ್ಚಿಲ್, 13 ರೂಪಾಯಿ. ಅಷ್ಟು ಹೊತ್ತಿಗೆ ಅವನು ಊರು ಬಿಟ್ಟು ಹೋಗಿಯಾಗಿತ್ತು. ಎಷ್ಟೋ ಜನ ಬಂದು ಆ ಬಾಕಿ ನಾವು ಕಟ್ತೀವಿ ಅಂದರಂತೆ, ಕ್ಲಬ್ಬಿನವರು ಒಪ್ಪಲಿಲ್ಲವಂತೆ. ಯಾಕೆ ಒಪ್ತಾರೆ? ತೀರಿದ ಸಾಲವನ್ನು ನೋಡೋಕೆ ಯಾರು ಬರ್ತಾರೆ!

ಐದನೇ ದಿನ, ಪೇಟೆ

ಕೊನೆಯ ದಿನ ಪ್ಲಾನಿನಲ್ಲಿ ಇರಲಿಲ್ಲ. ಹಿಂದಿನ ರಾತ್ರಿ ಮಲ್ಲೇಶ್ವರದ ನಮ್ಮ ಮನೆಯಲ್ಲಿ ಊಟ ಮಾಡುವಾಗ ಹುಡುಗ ಕೇಳಿದ್ದ, "ಅವನು ಪೇಟೆ ಕಡೆ ಬರಲೇ ಇಲ್ವಾ?"

ಆತ್ಮಕಥೆಯ ಬೆಂಗಳೂರಿನ ಪುಟಗಳಲ್ಲಿ ಗುಲಾಬಿ ಇದೆ, ಕುದುರೆ ಇದೆ, ಬಟ್ಲರ್ ಇದ್ದಾನೆ. ಪೇಟೆ ಕಾಣಿಸೋದಿಲ್ಲ ಅಂತಲೇ ಹೇಳಬೇಕು. ಕ್ಲಬ್ಬಿನಿಂದ ಪೇಟೆಗೆ ಮೂರ್ನಾಲ್ಕು ಕಿಲೋಮೀಟರ್, ಕುದುರೆ ಇದ್ದವನಿಗೆ ಅದೇನು ದೂರ.

"ನೀನು ಹೋಗಿದೀಯೇನೋ ಪೇಟೆಗೆ?" ಅಂತ ಸುಮ್ನೆ ಕೇಳಿದೆ.

ಅವನು ಸ್ವಲ್ಪ ಯೋಚಿಸಿ, "ಇಲ್ಲ ಮಾವ" ಅಂದ. 21 ವರ್ಷದಿಂದ ಬೆಂಗಳೂರಿನಲ್ಲಿದ್ದಾನೆ. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟು, ಅಲ್ಲೇ ಸ್ಕೂಲು, ಅಲ್ಲೇ ಮಾಲು.

ಬೆಳಗ್ಗೆ ಮೆಟ್ರೋದಲ್ಲಿ ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದೆವು. ಮೊದಲು ಕಂಡಿದ್ದು ವಿಕ್ಟೋರಿಯಾ ಆಸ್ಪತ್ರೆ. ಇದಕ್ಕೆ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದ್ದು 1897ರ ಜೂನ್ 22ರಂದು. ಪುಣೆಯಲ್ಲಿ ಗುಂಡು ಹಾರಿದ ಅದೇ ದಿನ, ಅದೇ ರಾಣಿಯ ಅದೇ ಹಬ್ಬಕ್ಕೆ. ಕಟ್ಟಡ ಏಳುತ್ತಿರುವಾಗಲೇ, 1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಚರ್ಚಿಲ್ ಆಗ ಸೂಡಾನಿನಲ್ಲಿದ್ದ.

ಅಕ್ಕಿಪೇಟೆ ಕಡೆ ನಡೆಯುತ್ತಾ ಅಜ್ಜಿ ಹೇಳುತ್ತಿದ್ದ ಮಾತು ಹೇಳಿದೆ. ಅಜ್ಜಿಯ ಅಮ್ಮ ಆಗ ಪುಟ್ಟ ಹುಡುಗಿ, ಮನೆ ಇಲ್ಲೇ ಒಂದು ಸಂದಿಯಲ್ಲಿ. 'ಇಲಿ ಬಿತ್ತು' ಅಂದರೆ ಸಾಕಿತ್ತು. ಅಟ್ಟದಿಂದ ಇಲಿ ತಟ್ಟಂತ ನೆಲಕ್ಕೆ ಬಿದ್ದು, ಗಿರಗಿರ ತಿರುಗಿ ಸಾಯೋದು. ಒಲೆಯ ಮೇಲಿನ ಅನ್ನವನ್ನು ಹಾಗೇ ಬಿಟ್ಟು ಮನೆಯವರೆಲ್ಲ ಊರಾಚೆ ಹೊಲಕ್ಕೆ ಹೋಗಿ ಸೋಗೆ ಗುಡಿಸಲು ಹಾಕಿಕೊಳ್ಳೋರು. ತಿಂಗಳುಗಟ್ಟಲೆ ಅಲ್ಲೇ. ವಾಪಸ್ ಬರೋವಾಗ ತಲೆ ಎಣಿಸಿದರೆ ಕಮ್ಮಿ ಇರೋದು. ಮಲ್ಲೇಶ್ವರ, ಬಸವನಗುಡಿ ತುಂಬಿಕೊಂಡಿದ್ದು ಆಮೇಲೆ. ನಮ್ಮವರೂ ಹಾಗೇ ಪೇಟೆ ಬಿಟ್ಟವರು.

ಚಿಕ್ಕಪೇಟೆ, ಬಳೆಪೇಟೆ, ತರಗುಪೇಟೆ ಸುತ್ತಿದೆವು. ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ, ಬೆಳ್ಳಿ ಅಂಗಡಿ, ಮದುವೆ ಕಾರ್ಡು. ತಲೆ ಮೇಲೆ ಮೂಟೆ ಹೊತ್ತವನು "ಸೈಡು, ಸೈಡು" ಅಂತ ಬರುವಾಗ ಹುಡುಗ ಪ್ರತಿ ಸಲ ತಪ್ಪು ಕಡೆಗೇ ಸರಿಯುತ್ತಿದ್ದ. ಬಿಸಿಲೇರುವ ಹೊತ್ತಿಗೆ ಮಾರ್ಕೆಟ್ಟಿನ ಹೂವಿನ ಸಾಲಿಗೆ ಬಂದೆವು. ಸೇವಂತಿಗೆಯ ಗುಡ್ಡ, ಕನಕಾಂಬರದ ಗುಡ್ಡ, ಕಾಲಡಿ ಕೊಚ್ಚೆ. ಅಕ್ಕನಿಗೆ ಅಂತ ಅವನೇ ಮಲ್ಲಿಗೆ ಕೇಳಿದ. "ಒಂದು ಮೀಟರ್ ಕೊಡಿ" ಅಂದ.

ಹೂವಿನಮ್ಮ ತಲೆ ಎತ್ತಿ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಮೊಣಕೈಗೆ ದಾರ ಹಿಡಿದು ಎರಡು ಮೊಳ ಅಳೆದಳು. "ಯಾವೂರಪ್ಪ ನಿಂದು?"

"ಇಲ್ಲೇ" ಅಂದ. ಆಮೇಲೆ ಸ್ವಲ್ಪ ತಡವರಿಸಿ, "ವೈಟ್‌ಫೀಲ್ಡ್" ಅಂದ.

"ಅಯ್ಯೋ, ಅಷ್ಟು ದೂರದಿಂದ ಬಂದಿದೀಯ!" ಅಂತ ಇನ್ನರ್ಧ ಮೊಳ ಸೇರಿಸಿ, ಬಾಳೆಲೆಯಲ್ಲಿ ಸುತ್ತಿ ಕೈಗೆ ಕೊಟ್ಟಳು.